ಲೂಸರ್ನ್‌ನಲ್ಲಿ ಒಂದೇ ದಿನ: ಅಪ್ಪ-ಅಮ್ಮನ ಜೊತೆ ಪಿಲಾಟಸ್‌ಗೋ, ರಿಗಿಗೋ, ಟಿಟ್ಲಿಸ್‌ಗೋ?

ಮೈಸೂರುಮಲ್ಲಿಗೆ

ಎಲ್ಲರಿಗೂ ನಮಸ್ಕಾರ. ನಾನಿರೋದು ಸ್ಟುಟ್‌ಗಾರ್ಟ್‌ನಲ್ಲಿ. ಸೆಪ್ಟೆಂಬರ್ ಮಧ್ಯದಲ್ಲಿ ಅಪ್ಪ-ಅಮ್ಮ ಮೈಸೂರಿಂದ ಬರ್ತಿದ್ದಾರೆ. ಸ್ವಿಟ್ಜರ್‌ಲ್ಯಾಂಡ್‌ನ ಜ್ಯೂರಿಕ್‌ನಲ್ಲಿ ಎರಡು ರಾತ್ರಿ ಉಳಿಯೋ ಏರ್ಪಾಡಾಗಿದೆ, ನಡುವೆ ಪೂರ್ತಿ ಕೈಗೆ ಸಿಗೋದು ಒಂದೇ ದಿನ. ಆ ದಿನ ಲೂಸರ್ನ್ ಅಂತ ತೀರ್ಮಾನ ಮಾಡಿದ್ದೀವಿ. ಟೂರ್‌ನವರೊಬ್ಬರು ಕೊಟ್ಟ ಪಟ್ಟಿ ಹೀಗಿದೆ: ಬೆಳಿಗ್ಗೆ ರೈನ್ ಜಲಪಾತ, ಲೂಸರ್ನ್‌ನಲ್ಲಿ ಒಂದು ಗಂಟೆ, ಮಧ್ಯಾಹ್ನ ಟಿಟ್ಲಿಸ್, ಸಂಜೆ ವಾಪಸ್. ಓದಿದಾಗಿಂದ ನನ್ನ ಮನಸ್ಸು ಒಪ್ತಿಲ್ಲ.

ಅಪ್ಪನಿಗೆ 68 ವರ್ಷ, ಮಂಡಿನೋವು. ಮಟ್ಟಸವಾದ ದಾರಿಯಲ್ಲಿ ನಿಧಾನಕ್ಕೆ ಎಷ್ಟು ಬೇಕಾದ್ರೂ ನಡೀತಾರೆ, ಮೆಟ್ಟಿಲು ಅಂದ್ರೆ ಕಷ್ಟ. ಅಶೋಕಪುರಂ ರೈಲ್ವೆ ವರ್ಕ್‌ಶಾಪ್‌ನಲ್ಲಿದ್ದು ರಿಟೈರ್ ಆದವರು, ಎಲ್ಲಿ ಹೋದ್ರೂ ಅವರ ಕಣ್ಣು ಮೊದಲು ಹಳಿ ಮೇಲೆ. ಅಮ್ಮ ಮೊಟ್ಟೆನೂ ಮುಟ್ಟಲ್ಲ. ಹಿಮ ನೋಡಬೇಕು ಅಂತ ಆಸೆ ಇಟ್ಟುಕೊಂಡಿದ್ದಾರೆ, ಆದ್ರೆ ಬಿಪಿ ಮಾತ್ರೆ ತಗೋತಾರೆ. ಪಿಲಾಟಸ್, ರಿಗಿ, ಟಿಟ್ಲಿಸ್, ಈ ಮೂರರಲ್ಲಿ ಯಾವ ಬೆಟ್ಟಕ್ಕೆ ಕರ್ಕೊಂಡು ಹೋಗಲಿ? ಪಾಸ್ ತಗೋಬೇಕಾ? ಊಟಕ್ಕೇನು ಮಾಡೋದು? ತಿಳಿದವರು ದಯವಿಟ್ಟು ಹೇಳಿ.

ಬಾಸೆಲ್‌ಬದಿ

ಮೇಡಂ, ಆ ಪಟ್ಟಿ ಮೊದಲು ಪಕ್ಕಕ್ಕಿಡಿ. ರೈನ್ ಜಲಪಾತ ಇರೋದು ಜ್ಯೂರಿಕ್‌ನ ಉತ್ತರಕ್ಕೆ, ಟಿಟ್ಲಿಸ್ ಇರೋದು ಲೂಸರ್ನ್‌ನಿಂದ ಇನ್ನೂ ದಕ್ಷಿಣಕ್ಕೆ. ವಯಸ್ಸಾದವರಿಗೆ ಆ ದಿನ ಬಸ್ಸಿನ ಸೀಟೇ ಹೆಚ್ಚು ನೆನಪಲ್ಲಿ ಉಳಿಯುತ್ತೆ. ಒಂದು ದಿನ, ಒಂದು ಊರು, ಒಂದು ಬೆಟ್ಟ: ಇಷ್ಟು ಸಾಕು ಅಂತ ನಾನು ಗಟ್ಟಿಯಾಗಿ ಹೇಳ್ತೀನಿ. ಲೂಸರ್ನ್‌ನಲ್ಲಿ ದೋಣಿಯೂ ರೈಲೂ ಬರೀ ತಲುಪಿಸೋ ಸಾಧನ ಅಲ್ಲ, ನೋಡಬೇಕಾದ್ದೇ ಅವು. ಓಡಿಸಿಕೊಂಡು ಹೋದ್ರೆ ಕಳ್ಕೊಳ್ಳೋದು ಅದನ್ನೇ.

ನನ್ನ ಮತ ಪಿಲಾಟಸ್‌ಗೆ. ಜ್ಯೂರಿಕ್‌ನಿಂದ ಲೂಸರ್ನ್‌ಗೆ ರೈಲಲ್ಲಿ ಮುಕ್ಕಾಲು ಗಂಟೆ ಚಿಲ್ಲರೆ. ಸ್ಟೇಷನ್ ಬಾಗಿಲು ದಾಟಿದ್ರೆ ಎದುರಿಗೇ ಕೆರೆ, ದೋಣಿಕಟ್ಟೆ. ಕೆರೆ ಅಂದೆ, ಆದ್ರೆ 114 ಚದರ ಕಿಲೋಮೀಟರ್ ನೀರು, ಆಳ ಕೆಲವು ಕಡೆ 200 ಮೀಟರಿಗೂ ಮೇಲೆ. ಅಲ್ಲಿಂದ ಬೆಟ್ಟದ ಬುಡದ ಆಲ್ಪ್‌ನಾಖ್‌ಸ್ಟಾಡ್‌ಗೆ ದೋಣಿ ಹತ್ತಿ. ಗಂಟೆಯಿಂದ ಒಂದೂವರೆ ಗಂಟೆ ಹಿಡಿಯುತ್ತೆ, ಯಾವ ದೋಣಿ ಅನ್ನೋದರ ಮೇಲೆ. ದೋಣಿ ಇಳಿದು ರಸ್ತೆ ದಾಟಿದ್ರೆ ಹಲ್ಲುಹಳಿ ರೈಲು. ಅರ್ಧ ಗಂಟೆಯಲ್ಲಿ ಮೇಲೆ. ಇಳಿಯೋವಾಗ ಇನ್ನೊಂದು ಮಗ್ಗುಲಿಂದ: ದೊಡ್ಡ ಕೇಬಲ್ ಕಾರ್‌ನಲ್ಲಿ ನಡುವಿನ ನಿಲ್ದಾಣ ಫ್ರ್ಯಾಕ್‌ಮ್ಯುಂಟೆಗ್, ಅಲ್ಲಿಂದ ನಾಲ್ಕು ಜನ ಕೂರೋ ಪುಟ್ಟ ಗೊಂಡೋಲಾದಲ್ಲಿ ಕಾಡಿನ ಮೇಲೆ ತೇಲಿಕೊಂಡು ಕ್ರೀನ್ಸ್, ಕ್ರೀನ್ಸ್‌ನಿಂದ 1ನೇ ನಂಬರ್ ಬಸ್‌ನಲ್ಲಿ ಮತ್ತೆ ಲೂಸರ್ನ್ ಸ್ಟೇಷನ್. ಇದಕ್ಕೆ ಗೋಲ್ಡನ್ ರೌಂಡ್ ಟ್ರಿಪ್ ಅಂತ ಹೆಸರು, ಒಂದೇ ಟಿಕೆಟ್ ಸಿಗುತ್ತೆ. ದೋಣಿಯಿಂದಲೇ ಶುರು ಮಾಡಿ. ಹೋದ ದಾರಿಯಲ್ಲೇ ವಾಪಸ್ ಬರೋ ಬೇಸರ ಇಲ್ಲ.

ಒಂದು ಎಚ್ಚರಿಕೆ: ಕ್ರೀನ್ಸ್‌ನ ಗೊಂಡೋಲಾ ನಿಲ್ದಾಣದಿಂದ ಬಸ್ ಸ್ಟಾಪ್‌ಗೆ ಸ್ವಲ್ಪ ಇಳಿಜಾರು ನಡಿಗೆ ಇದೆ. ಅಪ್ಪಾವ್ರಿಗೆ ಅಲ್ಲಿ ನಿಮ್ಮ ಕೈ ಕೊಡಿ.

ರೈಲುಗಾಡಿ

ವರ್ಕ್‌ಶಾಪ್‌ನವರು ಅಂತ ಓದಿದ ಮೇಲೆ ಬರೀದೆ ಇರೋಕಾಗಲಿಲ್ಲ. ಮೇಡಂ, ನಿಮ್ಮ ತಂದೆಯವರನ್ನ ಪಿಲಾಟಸ್ ರೈಲಿಗೇ ಕರ್ಕೊಂಡು ಹೋಗಿ. 1889ರಲ್ಲಿ ಶುರುವಾದ ಆ ಲೈನು ಇವತ್ತಿಗೂ ಪ್ರಪಂಚದ ಅತಿ ಕಡಿದಾದ ಹಲ್ಲುಹಳಿ ರೈಲು. ಅತಿ ಕಡಿದಾದ ಜಾಗದಲ್ಲಿ ಏರು 48%. ಅಂದ್ರೆ 100 ಮೀಟರ್ ಮುಂದಕ್ಕೆ ಹೋಗೋದರೊಳಗೆ 48 ಮೀಟರ್ ಮೇಲಕ್ಕೆ.

ಇದು ಹೇಗೆ ಸಾಧ್ಯ ಆಯ್ತು ಅನ್ನೋದೇ ಸ್ವಾರಸ್ಯ. ಸಾಮಾನ್ಯ ಹಲ್ಲುಹಳಿಯಲ್ಲಿ ಎರಡು ಹಳಿಗಳ ಮಧ್ಯೆ ಹಲ್ಲಿನ ಪಟ್ಟಿ ಇರುತ್ತೆ, ಗಾಡಿ ಹೊಟ್ಟೆಯಲ್ಲಿರೋ ಹಲ್ಲುಚಕ್ರ ಮೇಲಿಂದ ಕಚ್ಚಿಕೊಂಡು ಹತ್ತುತ್ತೆ. ರಿಗಿಯಲ್ಲಿ ನಿಕ್ಲಾಸ್ ರಿಗ್ಗೆನ್‌ಬಾಖ್ ಮಾಡಿದ್ದು ಏಣಿ ಮಲಗಿಸಿದಂಥ ಪಟ್ಟಿ. 1871ರಲ್ಲಿ ರಿಗಿ ಬುಡದ ಫಿಟ್ಸ್‌ನೌದಿಂದ ಹೊರಟ ಅದು ಯೂರೋಪಿನ ಮೊದಲ ಬೆಟ್ಟದ ಹಲ್ಲುಹಳಿ ರೈಲು. ಆದ್ರೆ ಪಿಲಾಟಸ್‌ನ ಏರಿಗೆ ಆ ಉಪಾಯ ನಡೆಯಲ್ಲ, ಚಕ್ರ ಪಟ್ಟಿಯಿಂದ ಮೇಲಕ್ಕೆದ್ದು ಬಿಡೋ ಅಪಾಯ. ಅದಕ್ಕೆ ಎಡ್ವರ್ಡ್ ಲೋಖರ್ ಅನ್ನೋ ಎಂಜಿನಿಯರ್ ಪಟ್ಟಿಯ ಎಡ-ಬಲ ಎರಡೂ ಪಕ್ಕಕ್ಕೆ ಹಲ್ಲು ಕೊರೆಸಿ, ಚಕ್ರಗಳನ್ನ ಅಡ್ಡ ಮಲಗಿಸಿ, ಎರಡು ಕಡೆಯಿಂದಲೂ ಹಿಡ್ಕೊಳ್ಳೋ ಹಾಗೆ ಮಾಡಿದ. ಮೇಲಕ್ಕೆ ಏಳೋ ಪ್ರಶ್ನೆಯೇ ಇಲ್ಲ. ಇದರ ಇನ್ನೊಂದು ಪರಿಣಾಮ: ಪಟ್ಟಿ ಹಳಿಗಿಂತ ಎತ್ತರಕ್ಕೆ ನಿಂತಿರೋದ್ರಿಂದ ಗಾಡಿಯನ್ನ ಹಳಿಯಿಂದ ಹಳಿಗೆ ತಿರುಗಿಸೋ ಮಾಮೂಲಿ ಪಾಯಿಂಟ್ ಕೂರಿಸೋಕಾಗಲ್ಲ. ಹಳಿಯ ತುಂಡನ್ನೇ ಪಕ್ಕಕ್ಕೆ ಸರಿಸಬೇಕು, ಇಲ್ಲಾಂದ್ರೆ ಮಗುಚಿ ಹಾಕಬೇಕು. ನಿಮ್ಮ ತಂದೆಯವರಿಗೆ ಇದೊಂದನ್ನ ತೋರಿಸಿದ್ರೆ ಸಾಕು, ಅಲ್ಲಿಂದ ಕದಲಲ್ಲ. ಅರ್ಧದಾರಿಯಲ್ಲಿ ಎಮ್ಸಿಗೆನ್ ಅಂತ ಇದೆ. ಮೇಲಿಂದ ಬರೋ ಗಾಡಿ, ಕೆಳಗಿಂದ ಹೋಗೋ ಗಾಡಿ ಅಲ್ಲಿ ಪಕ್ಕಪಕ್ಕ ದಾಟುತ್ತವೆ. ಅವರನ್ನ ಕಿಟಕಿ ಪಕ್ಕ ಕೂರಿಸಿ.

ನಮ್ಮ ಊಟಿ ರೈಲಿಗೂ ಸ್ವಿಸ್ ನಂಟಿದೆ. ಮೆಟ್ಟುಪಾಳ್ಯಂನಿಂದ ಕೂನೂರಿಗೆ ಹತ್ತೋ ಹಲ್ಲುಹಳಿ ರೋಮನ್ ಆಬ್ಟ್ ಅನ್ನೋ ಸ್ವಿಸ್ ಎಂಜಿನಿಯರ್‌ನ ಪದ್ಧತಿ. ಆತ ಮೊದಲು ಇದೇ ರಿಗ್ಗೆನ್‌ಬಾಖ್ ಕೈಕೆಳಗೆ ದುಡಿದವನು. ಅಲ್ಲಿನ ಹಳೇ ಎಕ್ಸ್ ಕ್ಲಾಸ್ ಉಗಿ ಎಂಜಿನ್‌ಗಳು ತಯಾರಾದದ್ದು ಜ್ಯೂರಿಕ್ ಪಕ್ಕದ ವಿಂಟರ್‌ಟೂರ್‌ನಲ್ಲಿ. ಊಟಿ ಲೈನಿನ ಅತಿ ದೊಡ್ಡ ಏರು 12ಕ್ಕೆ 1, ಅಂದ್ರೆ ಸುಮಾರು 8%. ಅದರ ಪಕ್ಕದಲ್ಲಿ ಈ 48 ಇಟ್ಟು ನೋಡಿ.

ಪಣಂಬೂರು_ಅಲೆ

ಮಾರಾಯ್ರೆ, ಎಲ್ಲರೂ ಪಿಲಾಟಸ್ ಅಂತ ಹೇಳಿದ್ರೆ ರಿಗಿಯ ಪರ ಮಾತಾಡ್ಲಿಕ್ಕೆ ಯಾರು ಉಂಟು? ನಾನು ಹೇಳ್ತೇನೆ.

ಮಂಡಿನೋವು ಇರುವವರಿಗೆ ರಿಗಿಯೇ ವಾಸಿ. ಪಿಲಾಟಸ್‌ನ ಮೇಲೆ ಎಲ್ಲ ಕಲ್ಲು, ಕಡಿದು. ಶಿಖರದ ತುದಿಗೆ ಹೋಗ್ಲಿಕ್ಕೆ ಮೆಟ್ಟಿಲೇ ದಾರಿ. ರಿಗಿ 1,798 ಮೀಟರ್, ಸ್ವಲ್ಪ ಕಡಿಮೆ ಎತ್ತರ, ಆದರೆ ಹಸಿರು ಹುಲ್ಲು, ಅಗಲ ದಾರಿ, ಅಲ್ಲಲ್ಲಿ ಬೆಂಚು. ಮೇಲಿನ ಕೊನೆಯ ಕುಲ್ಮ್ ಸ್ಟೇಷನ್ನಿಂದ ತುದಿಗೆ ಸ್ವಲ್ಪ ಏರು ಇದೆ, ಮೆಟ್ಟಿಲು ಹತ್ತುವ ಕಷ್ಟ ಇಲ್ಲ. ಮೇಲಿಂದ ಲೂಸರ್ನ್, ತ್ಸೂಗ್, ಲೌವೆರ್ಟ್ಸ್ ಮೂರು ಕೆರೆ ಕಾಣ್ತದೆ. ಸ್ಟೇಷನ್ನಿನ ಹತ್ತಿರವೇ ಕೂತ್ರೂ ಆಲ್ಪ್ಸ್ ಸಾಲು ಎದುರಿಗೇ ಉಂಟು.

ಮತ್ತೆ ದೋಣಿ! ಫಿಟ್ಸ್‌ನೌ ಕಡೆಗೆ ಹೋಗುವ ದಾರಿಯಲ್ಲಿ ಹಳೇ ಉಗಿದೋಣಿಗಳು ಓಡ್ತವೆ. ಊರಿ, ಉಂಟರ್‌ವಾಲ್ಡನ್, ಶಿಲ್ಲರ್, ಗಾಲಿಯಾ, ಶ್ಟಾಟ್ ಲುಟ್ಸರ್ನ್, ಒಟ್ಟು ಐದು. ಊರಿ 1901ರದ್ದು, ಕಡೆಯದು 1928ರದ್ದು. ನಡುವೆ ಎಂಜಿನ್ ಕೋಣೆ ತೆರೆದೇ ಇರ್ತದೆ. ಮೇಲಿಂದ ಬಗ್ಗಿ ನೋಡಿದ್ರೆ ತೋಳಿನಷ್ಟು ದಪ್ಪದ ಉಕ್ಕಿನ ದಂಡಗಳು ಎಣ್ಣೆ ಮಿಂಚಿಕೊಂಡು ಮೇಲೆ ಕೆಳಗೆ ಆಡೋದು ಕಾಣ್ತದೆ, ಬಿಸಿ ಎಣ್ಣೆ ವಾಸನೆ ಮೂಗಿಗೆ ಬರ್ತದೆ. ರೈಲ್ವೆಯಲ್ಲಿ ಇದ್ದವರಿಗೆ ಇದಕ್ಕಿಂತ ಖುಷಿ ಬೇರೆ ಏನು ಬೇಕು? ದೋಣಿ ಫಿಟ್ಸ್‌ನೌ ಮುಟ್ಟಿದ ಕೂಡಲೇ ಕೆಂಪು ರೈಲು ಅಲ್ಲೇ ನಿಂತಿರ್ತದೆ. ವಾಪಸ್ ಬರುವಾಗ ನಡುದಾರಿಯ ಕಾಲ್ಟ್‌ಬಾಡ್ ಸ್ಟೇಷನ್ನಿನಲ್ಲಿ ಇಳಿದು ಕೇಬಲ್ ಕಾರ್‌ನಲ್ಲಿ ಕೆರೆ ದಡದ ವೆಗ್ಗಿಸ್‌ಗೆ ಬಂದು ಅಲ್ಲಿಂದ ದೋಣಿ ಹಿಡೀಬಹುದು.

ಕಾಸುಲೆಕ್ಕ

ಪಾಸ್ ವಿಷಯ. ಸ್ವಿಸ್ ಟ್ರಾವೆಲ್ ಪಾಸ್ ಕಡಿಮೆ ಅಂದ್ರೂ 3 ದಿನದ್ದು. ಅದರಲ್ಲಿ ರೈಲು, ಬಸ್, ಕೆರೆಯ ದೋಣಿ ಎಲ್ಲಾ ಸೇರುತ್ತೆ. ರಿಗಿ ಪೂರ್ತಿ ಉಚಿತ, ಅಲ್ಲೇ ಹತ್ತಿರದ ಇನ್ನೊಂದು ಬೆಟ್ಟ ಶ್ಟಾನ್ಸರ್‌ಹಾರ್ನ್ ಕೂಡ ಉಚಿತ. ಪಿಲಾಟಸ್‌ಗೆ ಅರ್ಧ ದರ. ನಿಮಗೆ ಬೇಕಾಗಿರೋದು ಒಂದೇ ದಿನವಾದ್ರೆ ಪಾಸ್ ದುಬಾರಿ ಬೀಳುತ್ತೆ. ಸ್ಟುಟ್‌ಗಾರ್ಟ್‌ನಿಂದ ಬರೋ ದಿನ, ವಾಪಸ್ ಹೋಗೋ ದಿನವೂ ಸ್ವಿಟ್ಜರ್‌ಲ್ಯಾಂಡ್ ಒಳಗೆ ಸುತ್ತೋದಿದ್ರೆ ಮಾತ್ರ ಲೆಕ್ಕ ಹಾಕಿ ನೋಡಿ. ಇನ್ನೊಂದು ದಾರಿ ಹಾಫ್ ಫೇರ್ ಕಾರ್ಡ್: ರೈಲು, ದೋಣಿ, ಹೆಚ್ಚಿನ ಬೆಟ್ಟಗಳಿಗೆ ಅರ್ಧ ದರ. ಸ್ವಿಸ್ ರೈಲ್ವೆಯ ಆ್ಯಪ್‌ನಲ್ಲಿ ಮೂವರಿಗೂ ಎರಡು ರೀತಿಯಲ್ಲೂ ಹಾಕಿ ನೋಡಿ ಆಮೇಲೆ ಕೊಳ್ಳಿ. ದರ ವರ್ಷವರ್ಷ ಬದಲಾಗೋದ್ರಿಂದ ನಾನು ಇಲ್ಲಿ ಅಂಕಿ ಬರೆಯಲ್ಲ.

ಹುಬ್ಬಳ್ಳಿ_ಗಾಳಿ

ಊಟದ ಚಿಂತಿ ಬಿಡ್ರಿ ಅಕ್ಕಾರ. ಮನ್ಯಾಗ ಚಪಾತಿ, ಶೇಂಗಾ ಚಟ್ನಿ, ಹಚ್ಚಿದ ಅವಲಕ್ಕಿ ಕಟಗೊಂಡ ಹೋಗ್ರಿ. ರೈಲಿನ್ಯಾಗ, ಬೆಟ್ಟದ ಮ್ಯಾಲಿನ ಬೆಂಚಿನ ಮ್ಯಾಲೆ ಕುಂತು ಬುತ್ತಿ ಬಿಚ್ಚಿದ್ರ ಯಾರೂ ಏನೂ ಅನ್ನಂಗಿಲ್ಲ, ಆ ಮಂದಿನೂ ಹಂಗ ತಿಂತಾರ. ನೀರಿಗೆ ರೊಕ್ಕಾ ಹಾಕಬ್ಯಾಡ್ರಿ. ಊರ ತುಂಬ ಕಾರಂಜಿ ಅದಾವು, ಕುಡಿಯೂ ನೀರ ಬರ್ತದ. ಬಾಟ್ಲಿ ಒಂದ ಇದ್ರ ಸಾಕು. ಐತವಾರ ಹೊಂಟಿದ್ರ ಊರಾಗಿನ ಅಂಗಡಿ ಮುಚ್ಚಿರ್ತಾವು, ಸ್ಟೇಷನ್ ಒಳಗಿನವು ತೆರೆದಿರ್ತಾವು.

ಹೋಟೆಲ್‌ನ್ಯಾಗ ತಿನ್ನೂದಾದ್ರ ಆಲ್‌ಪ್ಲರ್‌ಮಾಗ್ರೋನೆನ್ ಅಂತ ಆ ಸೀಮಿದ ಊಟ ಕೇಳ್ರಿ. ಮ್ಯಾಕರೋನಿ, ಬಟಾಟಿ, ಕ್ರೀಮ್, ಚೀಸ್, ಮ್ಯಾಲೆ ಹುರಿದ ಉಳ್ಳಾಗಡ್ಡಿ, ಜೋಡಿಗೆ ಸೇಬಿನ ಗೊಜ್ಜು. ಕೆಲವು ಕಡೆ ಹಂದಿ ಮಾಂಸದ ತುಂಡು ಹಾಕ್ತಾರ, ಅದಕ್ಕ "ಓನೆ ಶ್ಪೆಕ್" ಅಂತ ಮೊದಲ ಹೇಳ್ರಿ. ಬಟಾಟಿ ತುರಿದು ಹುರಿದ ರೋಸ್ಟಿಗೂ ಹಂಗ ಕೇಳ್ರಿ. ಇನ್ನೊಂದು ಮಾತು ಅಮ್ಮಾರಿಗೆ ಮುಂಚೇನ ಗೊತ್ತಿರ್ಲಿ: ಗ್ರುಯೆರ್‌ನಂಥ ಹಳೇ ಪದ್ಧತಿ ಚೀಸ್ ಮಾಡಲಿಕ್ಕೆ ಹಾಲು ಒಡೆಯೂದು ಕರುವಿನ ಹೊಟ್ಟಿಯಿಂದ ತಗದ ರೆನೆಟ್ಟಿನಿಂದ. ಕಟ್ಟುನಿಟ್ಟ ಸಸ್ಯಾಹಾರಿಗಳಿಗೆ ಅದು ನಡೆಯಂಗಿಲ್ಲ. ನಮ್ಮ ಅವ್ವಗ ಈ ಸಂಗತಿ ಹೇಳಿದ ಮ್ಯಾಲೆ ಬ್ರೆಡ್, ಬೆಣ್ಣಿ, ಹಣ್ಣು, ಮನಿ ಚಪಾತಿ ಇಷ್ಟ.

ಮೈಸೂರುಮಲ್ಲಿಗೆ

ತುಂಬಾ ತುಂಬಾ ಧನ್ಯವಾದ. ಚೀಸ್ ವಿಷಯ ಗೊತ್ತೇ ಇರಲಿಲ್ಲ, ಒಳ್ಳೇದಾಯ್ತು ಹೇಳಿದ್ದು. ಅಮ್ಮನ ಹಿಮದ ಆಸೆಗೆ ಏನು ಮಾಡಲಿ? ಮತ್ತೆ ಊರೊಳಗೆ ಏನು ನೋಡಬೇಕು, ಯಾವಾಗ ನೋಡಬೇಕು?

ರಾಯ್ಸ್_ದಂಡೆ

ನಾನು ಲೂಸರ್ನ್‌ನಲ್ಲೇ ಇರುವವನು, ಕಚೇರಿಗೆ ದಿನಾ ಸೇತುವೆ ದಾಟಿ ಹೋಗುತ್ತೇನೆ. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ, ಓದಿ.

ಮೊದಲು ಹಿಮ. ಸೆಪ್ಟೆಂಬರ್‌ನಲ್ಲಿ ಖಾತ್ರಿಯಾಗಿ ಹಿಮ ಮುಟ್ಟಬೇಕೆಂದರೆ ಟಿಟ್ಲಿಸ್ ಒಂದೇ. ಎಂಗೆಲ್‌ಬರ್ಗ್‌ಗೆ ರೈಲು, ಅಲ್ಲಿಂದ ಕೇಬಲ್ ಕಾರ್, ಕೊನೆಗೆ ಸುತ್ತುತ್ತಾ ಹತ್ತುವ ಕ್ಯಾಬಿನ್. ಮೇಲಿನ ನಿಲ್ದಾಣ 3,020 ಮೀಟರ್. ಆದರೆ ಕೆರೆಯ ಮಟ್ಟ 434 ಮೀಟರ್. ಬೆಳಿಗ್ಗೆ ಇಲ್ಲಿದ್ದವರು ಮಧ್ಯಾಹ್ನದೊಳಗೆ ಎರಡೂವರೆ ಸಾವಿರ ಮೀಟರ್ ಮೇಲೆ ನಿಲ್ಲುತ್ತಾರೆ, ದೇಹಕ್ಕೆ ಒಗ್ಗಲು ಸಮಯವೇ ಇಲ್ಲ. ಬಿಪಿ ಇರುವವರು ಹೊರಡುವ ಮುಂಚೆ ತಮ್ಮ ಡಾಕ್ಟರನ್ನು ಕೇಳಲೇಬೇಕು. ಅಲ್ಲಿನ ಹಿಮನದಿಯೂ ಕರಗುತ್ತಾ ಬರುತ್ತಿದೆ, ಬೇಸಿಗೆಯಲ್ಲಿ ಅದರ ಮೇಲೆ ಬಿಳಿ ಹೊದಿಕೆ ಹಾಸಿ ಕಾಪಾಡಿಕೊಳ್ಳುತ್ತಿದ್ದಾರೆ. ಅದನ್ನು ಕಂಡಾಗ ನನಗೆ ಸಂಕಟವಾಗುತ್ತದೆ. ಪಿಲಾಟಸ್‌ನಿಂದ ಹಿಮದ ಶಿಖರಗಳ ಸಾಲು ಕಣ್ತುಂಬ ಕಾಣುತ್ತದೆ. ಅಮ್ಮನವರಿಗೆ ಅದು ಸಾಕೆನಿಸಿದರೆ ಮೇಲೆ ಹೇಳಿದವರ ಮಾತೇ ಸರಿ.

ಊರಿನ ವಿಷಯಕ್ಕೆ ಬರೋಣ. ಚಾಪೆಲ್ ಸೇತುವೆಯನ್ನು ನಡುಹಗಲಲ್ಲಿ ನೋಡಬೇಡಿ, ಜನರ ಹೆಗಲಷ್ಟೇ ಕಾಣುತ್ತದೆ. ಬೆಳಿಗ್ಗೆ ಎಂಟರೊಳಗೆ ಅಥವಾ ಸಂಜೆ ಊಟದ ಹೊತ್ತಿಗೆ ಹೋಗಿ. ರಾಯ್ಸ್ ನದಿಯ ಮೇಲೆ ಸುಮಾರು 200 ಮೀಟರ್ ಉದ್ದದ, ಮಾಡು ಹೊದಿಸಿದ ಮರದ ಸೇತುವೆ, 14ನೇ ಶತಮಾನದ್ದು. ಪಕ್ಕದ ಎಂಟು ಮೂಲೆಯ ನೀರುಗೋಪುರ ಅದಕ್ಕಿಂತ ಹಳೆಯದು, ಒಂದು ಕಾಲಕ್ಕೆ ಸೆರೆಮನೆಯೂ ಖಜಾನೆಯೂ ಆಗಿತ್ತು. ಮಾಡಿನ ಕೆಳಗೆ ತ್ರಿಕೋನದ ಹಲಗೆಗಳ ಮೇಲೆ 17ನೇ ಶತಮಾನದ ಚಿತ್ರಗಳಿದ್ದವು. 1993ರ ಆಗಸ್ಟ್ 17-18ರ ನಡುವಿನ ರಾತ್ರಿ ಬೆಂಕಿ ಬಿದ್ದು ಸೇತುವೆಯ ಬಹುಭಾಗ, ಹೆಚ್ಚಿನ ಚಿತ್ರಗಳು ಹೋದವು. ವರ್ಷ ತುಂಬುವ ಮೊದಲೇ ಮತ್ತೆ ಕಟ್ಟಿದರು. ನಡೆಯುತ್ತಾ ತಲೆ ಎತ್ತಿ ನೋಡಿ. ದಡದ ಹತ್ತಿರ ಹಳೇ ಚಿತ್ರಗಳಿವೆ, ಮುಂದೆ ಹೋದಂತೆ ಚಿತ್ರವಿಲ್ಲದ ಜಾಗಗಳು ಬರುತ್ತವೆ. ಕಳೆದದ್ದನ್ನು ಮುಚ್ಚಿಡದೆ ಬಿಟ್ಟಿರುವುದಕ್ಕೆ ನನಗೆ ಈ ಊರಿನ ಮೇಲೆ ಗೌರವ.

ಹೆಚ್ಚು ಜನ ಇಲ್ಲಿಗೇ ನಿಲ್ಲಿಸುತ್ತಾರೆ. ನೀವು ನದಿ ಗುಂಟ ಇನ್ನೂ ಕೆಳಗೆ ಹೋಗಿ ಶ್ಪ್ರೋಯರ್ ಸೇತುವೆ ನೋಡಿ, ಮಟ್ಟಸ ದಾರಿ. ಕಾಳಿನ ಹೊಟ್ಟು ನದಿಗೆ ಸುರಿಯಲು ಹಿಂದೆ ಅಪ್ಪಣೆಯಿದ್ದದ್ದು ಅಲ್ಲಿ ಮಾತ್ರ, ಊರು ದಾಟಿ ಹರಿದುಹೋಗಲಿ ಎಂದು. ಅದರ ಮಾಡಿನಲ್ಲಿ ಕಾಸ್ಪಾರ್ ಮೆಗ್ಲಿಂಗರ್ 1626ರಿಂದ 1635ರವರೆಗೆ ಬರೆದ ಸಾವಿನ ಕುಣಿತದ ಚಿತ್ರಮಾಲೆ ಇದೆ. ರಾಜ, ವ್ಯಾಪಾರಿ, ಮದುವಣಗಿತ್ತಿ, ಎಲ್ಲರ ಕೈಯನ್ನೂ ಅಸ್ಥಿಪಂಜರ ಹಿಡಿದಿದೆ. ಚಾಪೆಲ್ ಸೇತುವೆಗಿಂತ ಇದೇ ನನಗೆ ಮೇಲು. ಸೇತುವೆ ಪಕ್ಕದಲ್ಲೇ ಸೂಜಿ ಅಣೆಕಟ್ಟು: ಉದ್ದನೆಯ ಮರದ ಹಲಗೆಗಳನ್ನು ಒಂದರ ಪಕ್ಕ ಒಂದು ನಿಲ್ಲಿಸಿ ನೀರು ತಡೆಯುತ್ತಾರೆ, ಕೆರೆ ತುಂಬಿದರೆ ಕೆಲವನ್ನು ಕೈಯಿಂದ ಕಿತ್ತು ತೆಗೆಯುತ್ತಾರೆ. 19ನೇ ಶತಮಾನದ ವ್ಯವಸ್ಥೆ, ಈಗಲೂ ಕೆಲಸ ಮಾಡುತ್ತಿದೆ. ತಂದೆಯವರಿಗೆ ತಪ್ಪದೆ ತೋರಿಸಿ. ಮಂಗಳವಾರ, ಶನಿವಾರ ಬೆಳಿಗ್ಗೆಯಾದರೆ ನದಿ ದಂಡೆಯಲ್ಲಿ ಸಂತೆಯೂ ಇರುತ್ತದೆ.

ಸಿಂಹದ ಸ್ಮಾರಕಕ್ಕೆ ಹೋಗಿಯೇ ಹೋಗುತ್ತೀರಿ. 1792ರ ಆಗಸ್ಟ್ 10ರಂದು ಪ್ಯಾರಿಸ್‌ನ ತ್ವೀಲರಿ ಅರಮನೆಯಲ್ಲಿ ಫ್ರಾನ್ಸ್ ದೊರೆಯ ಕಾವಲಿಗಿದ್ದು ಸತ್ತ ಸ್ವಿಸ್ ಸೈನಿಕರ ನೆನಪಿಗೆ ಮಾಡಿದ್ದು. ವಿನ್ಯಾಸ ಡೆನ್ಮಾರ್ಕಿನ ಥೋರ್ವಾಲ್ಡ್‌ಸನ್‌ನದು, ಬಂಡೆಯಲ್ಲಿ ಕೊರೆದವನು ಲುಕಾಸ್ ಆಹೋರ್ನ್, 1821ರಲ್ಲಿ ಮುಗಿಯಿತು. ಹತ್ತು ಮೀಟರ್ ಉದ್ದದ ಸಿಂಹ, ಪಕ್ಕೆಯಲ್ಲಿ ಮುರಿದ ಈಟಿ, ಮುಂಗಾಲು ಫ್ರೆಂಚ್ ರಾಜಮನೆತನದ ಗುರುತಿನ ಗುರಾಣಿಯ ಮೇಲೆ. ಮೈಸೂರಿನವರಿಗೆ ಇದು ದೂರದ ಕತೆಯಲ್ಲ. ನ್ಯೂಶಾಟೆಲ್‌ನಲ್ಲಿ ಕಟ್ಟಿದ ದ ಮ್ಯೂರಾನ್ ರೆಜಿಮೆಂಟ್ ಅನ್ನೋ ಸ್ವಿಸ್ ಕೂಲಿಪಡೆ ಮೊದಲು ಡಚ್ಚರಿಗೆ, ಆಮೇಲೆ ಬ್ರಿಟಿಷರಿಗೆ ದುಡಿದು, 1799ರಲ್ಲಿ ಟಿಪ್ಪುವಿನ ವಿರುದ್ಧ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲೂ ಇತ್ತು. ಅವರ ಗೋರಿಗಳು ಶ್ರೀರಂಗಪಟ್ಟಣದಲ್ಲಿ ಕಾವೇರಿ ಪಕ್ಕದ ಗ್ಯಾರಿಸನ್ ಸ್ಮಶಾನದಲ್ಲಿವೆ. ಈ ಬೆಟ್ಟಗಳಲ್ಲಿ ಉಳುವ ನೆಲ ಕಡಿಮೆ, ಗಂಡುಮಕ್ಕಳು ಸಂಬಳಕ್ಕಾಗಿ ಯಾರ್ಯಾರದೋ ಯುದ್ಧಕ್ಕೆ ಹೋಗುತ್ತಿದ್ದರು. ಆ ಸಿಂಹದ ಮುಂದೆ ನಿಂತಾಗಲೆಲ್ಲ ನಾನು ಅವರ ಮನೆಯವರನ್ನು ನೆನೆಯುತ್ತೇನೆ.

ಇನ್ನು ಪಿಲಾಟಸ್ ಹತ್ತಬೇಕೋ ಬೇಡವೋ ಅಂತ ಇಲ್ಲಿಯವರು ಮೋಡ ನೋಡಿ ಹೇಳುತ್ತಾರೆ: ಬೆಟ್ಟ ಟೋಪಿ ಹಾಕಿದ್ದರೆ ಒಳ್ಳೆ ಹವೆ, ಕೊರಳಪಟ್ಟಿ ಕಟ್ಟಿದ್ದರೆ ಧೈರ್ಯ ಮಾಡಬಹುದು, ಕತ್ತಿ ಹಿಡಿದಿದ್ದರೆ ಮಳೆ. ನೀವು ಹೊರಡುವ ಬೆಳಿಗ್ಗೆ ಎರಡೂ ಬೆಟ್ಟದ ವೆಬ್‌ಕ್ಯಾಮ್ ನೋಡಿ, ತಿಳಿಯಾಗಿರುವುದಕ್ಕೆ ಟಿಕೆಟ್ ಮಾಡಿ. ಮುಂಗಡವಾಗಿ ಮಾಡಬೇಡಿ.

ಪಣಂಬೂರು_ಅಲೆ

ಶ್ರೀರಂಗಪಟ್ಟಣದ ಗೋರಿಗಳ ವಿಷಯ ಗೊತ್ತಿರಲಿಲ್ಲ ಸರ್, ಊರಿಗೆ ಹೋದಾಗ ನೋಡ್ಬೇಕು. ಪಿಲಾಟಸ್ ಹೆಸರಿನದ್ದೂ ಒಂದು ಕತೆ ಉಂಟಲ್ಲ? ಯೇಸುವಿಗೆ ಶಿಕ್ಷೆ ಕೊಟ್ಟ ಪಿಲಾತನ ಹೆಣ ಅಲ್ಲಿಯ ಕೊಳದಲ್ಲಿದೆ, ಅದನ್ನು ಕೆಣಕಿದ್ರೆ ಬಿರುಗಾಳಿ ಏಳ್ತದೆ ಅಂತ ನಂಬಿಕೆ. ಬೆಟ್ಟ ಹತ್ತುವುದಕ್ಕೇ ನಿಷೇಧ ಇತ್ತು. 1387ರಲ್ಲಿ ಹತ್ತಲು ಹೋದ ಆರು ಪಾದ್ರಿಗಳನ್ನು ಹಿಡಿದು ಜೈಲಿಗೆ ಹಾಕಿದ್ರು. 1585ರಲ್ಲಿ ಊರಿನ ಪಾದ್ರಿಯೇ ಜನರನ್ನು ಕರ್ಕೊಂಡು ಹೋಗಿ ಕೊಳಕ್ಕೆ ಕಲ್ಲು ಹೊಡೆದು ತೋರಿಸಿದ ಮೇಲೆ ಹೆದರಿಕೆ ಕಡಿಮೆ ಆಯ್ತು.

ಮೈಸೂರುಮಲ್ಲಿಗೆ

ಹೋಗಿ ಬಂದ್ವಿ! ವಿವರವಾಗಿ ಬರೆಯೋದು ನನ್ನ ಕರ್ತವ್ಯ.

ಬೆಳಿಗ್ಗೆ ವೆಬ್‌ಕ್ಯಾಮ್‌ನಲ್ಲಿ ರಿಗಿ ಮೋಡದೊಳಗಿತ್ತು, ಪಿಲಾಟಸ್ ತಿಳಿಯಾಗಿತ್ತು. ಹಾಗಾಗಿ ಪಿಲಾಟಸ್. ಎಂಟಕ್ಕೆ ಮೊದಲೇ ಚಾಪೆಲ್ ಸೇತುವೆ ಮೇಲೆ ನಡೆದ್ವಿ, ಜನ ಬೆರಳೆಣಿಕೆಯಷ್ಟು. ಸೂಜಿ ಅಣೆಕಟ್ಟಿನ ಹತ್ತಿರ ಅಪ್ಪ ನಿಂತೇಬಿಟ್ಟರು. ಹಲಗೆ ಕೀಳೋಕೆ ಎಷ್ಟು ಬಲ ಬೇಕು ಅಂತ ನನಗೆ ಲೆಕ್ಕ ಹೇಳಿಕೊಟ್ಟರು.

ಆಲ್ಪ್‌ನಾಖ್‌ಸ್ಟಾಡ್‌ನಲ್ಲಿ ಪ್ಲಾಟ್‌ಫಾರ್ಮೇ ಮೆಟ್ಟಿಲು ಮೆಟ್ಟಿಲಾಗಿದೆ, ಗಾಡಿಯ ಒಳಗೂ ಹಾಗೇ. ಸಿಬ್ಬಂದಿಗೆ ಮಂಡಿನೋವು ಅಂತ ಹೇಳಿದ್ದಕ್ಕೆ ಕೆಳಗಿನ ಭಾಗದಲ್ಲೇ ಕೂರೋಕೆ ಜಾಗ ಮಾಡಿಕೊಟ್ಟರು. ಹೊರಡೋ ಮುಂಚೆ ಅಪ್ಪ ಪಟ್ಟಿಯ ಹಲ್ಲುಗಳನ್ನ ಬಗ್ಗಿ ಬಗ್ಗಿ ನೋಡಿದ್ರು. ಗ್ರೀಸ್ ಹಚ್ಚಿ ಕಪ್ಪಗೆ ಹೊಳೀತಿತ್ತು. "ಎರಡು ಕಡೆ ಸಮ ಸವೆತ ಬರಬೇಕು, ಇಲ್ದಿದ್ರೆ ಇದನ್ನ ಇಟ್ಟುಕೊಳ್ಳೋದು ಕಷ್ಟ" ಅಂದ್ರು. ಎಮ್ಸಿಗೆನ್‌ನಲ್ಲಿ ಎದುರು ಗಾಡಿ ದಾಟಿದಾಗ ಮಕ್ಕಳ ಹಾಗೆ ಕಿಟಕಿಗೆ ಅಂಟಿಕೊಂಡಿದ್ದರು. ರೈಲುಗಾಡಿ ಸರ್, ನೀವು ಬರೆದದ್ದನ್ನ ಪ್ರಿಂಟ್ ತೆಗೆಸಿ ಜೇಬಲ್ಲಿಟ್ಟುಕೊಂಡಿದ್ದರು, ನಿಮಗೆ ಅವರ ನಮಸ್ಕಾರ.

ಮೇಲೆ ಶಿಖರದ ಮೆಟ್ಟಿಲಿಗೆ ನಾವು ಹೋಗಲಿಲ್ಲ, ಹೋಗಬೇಕು ಅನಿಸಲೂ ಇಲ್ಲ. ಸ್ಟೇಷನ್‌ಗೆ ಅಂಟಿಕೊಂಡೇ ದೊಡ್ಡ ಜಗಲಿ ಇದೆ, ಅಲ್ಲಿಂದಲೇ ಒಂದು ಕಡೆ ಕೆರೆ, ಇನ್ನೊಂದು ಕಡೆ ಹಿಮದ ಸಾಲು. ಅಮ್ಮ ಬುತ್ತಿ ಬಿಚ್ಚಿದ ತಕ್ಷಣ ಹಳದಿ ಕೊಕ್ಕು, ಕೆಂಪು ಕಾಲಿನ ಕಪ್ಪು ಹಕ್ಕಿಗಳು ಬಂದು ಕಂಬಿ ಮೇಲೆ ಕೂತವು. ಇಲ್ಲಿ ಬೆಟ್ಟದ ಕಾಗೆಯ ಜಾತಿಯಂತೆ. ಅಮ್ಮ "ಪಿತೃಪಕ್ಷ ಹತ್ತಿರ ಬಂತಲ್ಲ" ಅಂತ ಒಂದು ತುತ್ತು ತೆಗೆದಿಡೋಕೆ ಹೋದ್ರು, ಅಲ್ಲಿ ಹಕ್ಕಿಗಳಿಗೆ ತಿನ್ನಿಸಬಾರದು ಅಂತ ಹೇಳಿ ತಡೆದೆ. ಹಿಮ ಮುಟ್ಟಲಿಲ್ಲ ಅನ್ನೋ ಬೇಸರ ಅಮ್ಮನಿಗೆ ಉಳಿದಿಲ್ಲ, ಕೇಳಿಯೇ ಬರೀತಿದ್ದೀನಿ.

ಗೊಂಡೋಲಾ ಇಳಿದ ಮೇಲಿನ ಇಳಿಜಾರು ಅಪ್ಪನಿಗೆ ನಿಜಕ್ಕೂ ಕಷ್ಟವಾಯ್ತು. ಮಂಡಿ ತುಂಬಾ ನೋಯುವವರು ರೈಲಿನಲ್ಲೇ ವಾಪಸ್ ಇಳಿದು, ಆಲ್ಪ್‌ನಾಖ್‌ಸ್ಟಾಡ್‌ನಿಂದ ಮಾಮೂಲಿ ರೈಲು ಹಿಡಿಯೋದು ಒಳ್ಳೇದು. ಇಪ್ಪತ್ತು ನಿಮಿಷದಲ್ಲಿ ಲೂಸರ್ನ್.

ತುಮಕೂರು_ತೆಂಗು

ಓದಿ ಖುಷಿಯಾಯ್ತು. ನಾವು ಡಿಸೆಂಬರ್ ರಜೆಯಲ್ಲಿ ಬರ್ತಿದ್ದೀವಿ, ಇದೇ ಸುತ್ತು ಆಗುತ್ತಾ?

ರಾಯ್ಸ್_ದಂಡೆ

ಚಳಿಗಾಲದಲ್ಲಿ ಪಿಲಾಟಸ್‌ನ ಹಲ್ಲುಹಳಿ ರೈಲು ಓಡುವುದಿಲ್ಲ, ಅದು ಮೇ ತಿಂಗಳಿಂದ ನವೆಂಬರ್‌ವರೆಗೆ ಮಾತ್ರ. ಕ್ರೀನ್ಸ್ ಕಡೆಯ ಗೊಂಡೋಲಾ, ಕೇಬಲ್ ಕಾರ್ ಇರುತ್ತವೆ, ಅದರಲ್ಲೇ ಹತ್ತಿ ಇಳಿಯಬೇಕು. ರಿಗಿ ರೈಲು ವರ್ಷವಿಡೀ ಇದೆ. ಡಿಸೆಂಬರ್‌ನಲ್ಲಿ ಕೆರೆಯ ಮೇಲೆ ದಿನಗಟ್ಟಲೆ ದಟ್ಟ ಮಂಜು ಕೂರುತ್ತದೆ, ಊರಲ್ಲಿ ಬಿಸಿಲೇ ಕಾಣುವುದಿಲ್ಲ. ಅದಕ್ಕೆ ಹೆದರಿ ಬೆಟ್ಟ ಬಿಡಬೇಡಿ, ಎಷ್ಟೋ ಸಲ ಮೇಲೆ ನೀಲಿ ಆಕಾಶ ಇರುತ್ತದೆ. ವೆಬ್‌ಕ್ಯಾಮ್ ನೋಡಿಯೇ ಹೊರಡಿ. ದೋಣಿಗಳ ಸಂಖ್ಯೆ ಚಳಿಗಾಲದಲ್ಲಿ ತುಂಬ ಕಡಿಮೆ, ವೇಳಾಪಟ್ಟಿ ಮೊದಲೇ ನೋಡಿಕೊಳ್ಳಿ. ಮಕ್ಕಳಿದ್ದರೆ ಬೆಚ್ಚಗಿನ ಬೂಟು ಬೇಕೇ ಬೇಕು, ಮೇಲೆ ದಾರಿಯೆಲ್ಲ ಜಾರುತ್ತದೆ.